ಸೊಪ್ಪು ಎಂದರೆ ಯಾವ ಸೊಪ್ಪು?

ಈ ಸೆಪ್ಟೆಂಬರಿನಲ್ಲಿ ನಮ್ಮ ಸಂಘದ ವಾಟ್ಸಾಪ್ ಗುಂಪಿಗೆ ಸೇರಿದ ಹೊಸ ಹುಡುಗನೊಬ್ಬ ಮೂರನೇ ದಿನಕ್ಕೇ ಒಂದು ಪ್ರಶ್ನೆ ಹಾಕಿದ. “ಇಲ್ಲಿ ಒಳ್ಳೆ ಸೊಪ್ಪು ಎಲ್ಲಿ ಸಿಗತ್ತೆ? ಬಂದಾಗಿಂದ ತಿಂದಿಲ್ಲ, ನಾಲಿಗೆ ಸತ್ತು ಹೋಗಿದೆ.” ಪಾಪ, ಅವನು ಕೇಳಿದ್ದು ಬಸ್ಸಾರಿಗೆ ಬೇಕಾದ ದಂಟಿನ ಸೊಪ್ಪು. ಆದರೆ ಐದು ನಿಮಿಷದಲ್ಲಿ ಗುಂಪಿನ ತುಂಬ ಹಸಿರು ಎಲೆಯ ಚಿತ್ರಗಳು, ಹೊಗೆಯ ಚಿತ್ರಗಳು, ಹೊಟ್ಟೆ ಹಿಡಿದು ನಗುವ ಮುಖಗಳು. ಒಬ್ಬರಂತೂ ಬಸ್ ನಿಲ್ದಾಣದ ಎದುರಿಗಿರುವ ಪರವಾನಗಿ ಅಂಗಡಿಯ ವಿಳಾಸವನ್ನೇ ಹಾಕಿಬಿಟ್ಟರು. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಗಾಂಜಾ ಕಾನೂನುಬದ್ಧ. ನಾವು ತರಗತಿಗೆ ನಡೆದು ಹೋಗುವ ದಾರಿಯಲ್ಲೇ ಅಂಥ ಎರಡು ಅಂಗಡಿ ಇವೆ. ಹುಡುಗ ಆ ಸಂಜೆಯಿಂದ ಗುಂಪಿನಲ್ಲಿ ‘ಸೊಪ್ಪು’ ಆದ. ಹೆಸರಿಟ್ಟವರು ಯಾರು ಅಂತ ಯಾರಿಗೂ ನೆನಪಿಲ್ಲ. ಹೆಸರು ಮಾತ್ರ ಕೂತುಬಿಟ್ಟಿತು.

ನಾವೂ ನಕ್ಕೆವು. ಆಮೇಲೆ ನಮ್ಮ ನಾಲ್ವರಲ್ಲಿ ಒಬ್ಬಳು, ಪುತ್ತೂರಿನವಳು, ನಗುತ್ತಿದ್ದವಳು ಸುಮ್ಮನಾದಳು. ಅವಳು ಯಾಕೆ ಸುಮ್ಮನಾದಳು ಅಂತ ಉಳಿದ ಮೂವರಿಗೂ ಗೊತ್ತಿತ್ತು. ಈ ಲೇಖನ ಅದಕ್ಕೇ.

ನಾವು ನಾಲ್ವರೂ ಬೆಳೆದದ್ದು ಕುವೈತಿನ ಅಬ್ಬಾಸಿಯಾದಲ್ಲಿ, ಒಂದೇ ಕಟ್ಟಡದಲ್ಲಿ. ಅಪ್ಪ-ಅಮ್ಮಂದಿರ ಊರು ಬೇರೆ ಬೇರೆ: ಪುತ್ತೂರು, ಕಾಸರಗೋಡು, ತುಮಕೂರು, ಸುರಪುರ. ಶುಕ್ರವಾರ ಬೆಳಿಗ್ಗೆ ಮೂರು ಮಹಡಿಯ ಮೆಟ್ಟಿಲ ತುಂಬ ನಾಲ್ಕು ಥರದ ಕನ್ನಡ ಕೇಳಿಸುತ್ತಿತ್ತು, ನಡುನಡುವೆ ತುಳು. ಯಾರ ಮನೆಯಲ್ಲಿ ನೀರ್ದೋಸೆ, ಯಾರ ಮನೆಯಲ್ಲಿ ಜೋಳದ ರೊಟ್ಟಿ ಅಂತ ವಾಸನೆಯಲ್ಲೇ ಹೇಳುತ್ತಿದ್ದೆವು.

ಪುತ್ತೂರಿನವಳ ಅಪ್ಪ, ಅವರನ್ನು ಇಲ್ಲಿ ಬರೀ ಅಂಕಲ್ ಅಂತ ಕರೆಯುತ್ತೇವೆ, ತೋಟಗಾರಿಕೆಯ ಗುತ್ತಿಗೆ ಕಂಪನಿಯೊಂದರಲ್ಲಿ ಮೇಸ್ತ್ರಿ. ಮರುಭೂಮಿಯಲ್ಲಿ ಹುಲ್ಲು ಬೆಳೆಸುವುದು ಅವರ ಕೆಲಸ. ಮೊದಲ ಕೆಲವು ವರ್ಷ ದಕ್ಷಿಣದ ವಫ್ರಾ ತೋಟಗಳಲ್ಲಿ, ಆಮೇಲೆ ಊರೊಳಗೆ ದೊಡ್ಡ ಮನೆಗಳ ಅಂಗಳ, ರಸ್ತೆ ನಡುವಿನ ಹಸಿರು ಪಟ್ಟಿ. ಜುಲೈ ತಿಂಗಳ 50 ಡಿಗ್ರಿ ಬಿಸಿಲಲ್ಲಿ ಹುಲ್ಲನ್ನು ಬದುಕಿಸುವುದು ಮಗು ಸಾಕಿದ ಹಾಗೆ ಅನ್ನುತ್ತಿದ್ದರು. ಅರಬ್ಬಿ ಓದಿ ಕಲಿತವರಲ್ಲ, ಕೆಲಸದಲ್ಲಿ ಕಿವಿಗೆ ಬಿದ್ದದ್ದನ್ನು ಹಿಡಿದುಕೊಂಡವರು. ಮೊದಲು ಬಿದ್ದ ಮಾತುಗಳಲ್ಲಿ ಒಂದು ‘ಹಶೀಶ್’. ಅಲ್ಲಿ ಮನೆ ಯಜಮಾನ ಬಾಗಿಲಲ್ಲಿ ನಿಂತು “ಹಶೀಶ್ ಕತ್ತರಿಸು” ಅಂದರೆ ಪೊಲೀಸರನ್ನು ಕರೆಯಬೇಕಿಲ್ಲ, ಹುಲ್ಲು ಕತ್ತರಿಸುವ ಯಂತ್ರ ತರಬೇಕು. ಅರಬ್ಬಿಯಲ್ಲಿ ಹಶೀಶ್ ಅಂದರೆ ಮೊದಲಿಗೆ ಹುಲ್ಲು. ಹಳೆಯ ಅರಬ್ಬಿ ನಿಘಂಟುಕಾರರು ಇನ್ನೂ ಕಟ್ಟುನಿಟ್ಟು: ಅವರ ಪ್ರಕಾರ ಒಣಗಿದ ಹುಲ್ಲು ಮಾತ್ರ ಹಶೀಶ್. ಹುಲ್ಲು ಕೊಯ್ಯುವುದು ಅನ್ನುವ ಕ್ರಿಯಾಪದವೂ ಅದೇ ಧಾತುವಿನದು, ಹುಲ್ಲು ಕೊಯ್ಯುವ ಕುಡುಗೋಲಿನ ಹೆಸರೂ ಅದರಿಂದಲೇ. ಅಮಲಿನ ಅರ್ಥ ಬಂದದ್ದು ಆಮೇಲೆ, ‘ಆ ಹುಲ್ಲು’ ಅಂತ ಕಣ್ಣು ಮಿಟುಕಿಸಿ ಹೇಳುವ ಜನರಿಂದ. ಇಂಗ್ಲಿಷಿನವರು ಗ್ರಾಸ್ ಅಂದ ಹಾಗೆ, ವೀಡ್ ಅಂದ ಹಾಗೆ. ಬೆಂಗಳೂರಿನ ಹುಡುಗರು ‘ಸೊಪ್ಪು’ ಅಂದ ಹಾಗೆ.

ನಾವು ಹತ್ತನೇ ತರಗತಿಯಲ್ಲಿದ್ದ ವರ್ಷ ಅಂಕಲ್ ರಜೆಗೆ ಊರಿಗೆ ಹೋಗಿದ್ದರು. ಬರುವಾಗ ಅಜ್ಜಿ ಒಂದು ಪೊಟ್ಟಣ ಕೊಟ್ಟರು. ನೆರಳಲ್ಲಿ ಒಣಗಿಸಿ, ಕೈಯಲ್ಲೇ ಒರಟಾಗಿ ಪುಡಿ ಮಾಡಿ, ಕನ್ನಡ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದ ಒಂದೆಲಗ. ತುಳುವಿನಲ್ಲಿ ತಿಮರೆ. ಮೊಮ್ಮಗಳಿಗೆ ಬೋರ್ಡ್ ಪರೀಕ್ಷೆ, ಬೆಳಿಗ್ಗೆ ಹಾಲಿಗೆ ಹಾಕಿ ಕುಡಿದರೆ ಓದಿದ್ದು ತಲೆಯಲ್ಲಿ ನಿಲ್ಲುತ್ತೆ ಅಂತ. ಗಲ್ಫಿನ ಒಂದು ವಿಮಾನ ನಿಲ್ದಾಣದಲ್ಲಿ (ಯಾವುದು ಅನ್ನುವುದು ಬೇಡ) ಅಧಿಕಾರಿ ಪೊಟ್ಟಣ ಬಿಚ್ಚಿ ಮೂಸಿ ನೋಡಿ ಕೇಳಿದ: “ಶಿನೂ ಹಾದಾ?” ಏನಿದು?

ಒಂದೆಲಗಕ್ಕೆ ಅರಬ್ಬಿಯಲ್ಲಿ ಏನನ್ನುತ್ತಾರೆ? ಅಂಕಲ್‌ಗೆ ಗೊತ್ತಿರಲಿಲ್ಲ. ನೆಲದ ಮೇಲೆ ಹಬ್ಬುವ, ಹುಲ್ಲಿನ ಜೊತೆ ಬೆಳೆಯುವ, ಒಣಗಿದ ಹಸಿರು. ಅವರಿಗೆ ಗೊತ್ತಿದ್ದ ಒಂದೇ ಮಾತು ನಿಘಂಟಿನ ಪ್ರಕಾರ ಪೂರ್ತಿ ಸರಿಯಾಗಿತ್ತು. “ಹಾದಾ ಹಶೀಶ್,” ಅಂದರು. ಸಾಲದ್ದಕ್ಕೆ ವಿಶ್ವಾಸದಿಂದ ಸೇರಿಸಿದರು: “ಹಶೀಶ್ ಮಾಲ್ ಹಿಂದ್. ವಾಯಿದ್ ಜೇನ್.” ಇಂಡಿಯಾದ ಹಶೀಶ್, ಬಹಳ ಒಳ್ಳೆಯದು.

ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಎಂಟರವರೆಗೆ ಒಂದು ಕೋಣೆಯಲ್ಲಿ ಕೂರಿಸಿದರು. ಫೋನ್ ತೆಗೆದುಕೊಂಡರು. ಪುಡಿಯನ್ನು ಪರೀಕ್ಷೆಗೆ ಕಳಿಸಿದರು. ಯಾರೂ ಕೈ ಮಾಡಲಿಲ್ಲ, ಕೂಗಾಡಲಿಲ್ಲ. ಬೆಳಿಗ್ಗೆ ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಗೊತ್ತಾದ ಮೇಲೆ ಒಬ್ಬ ಹಿರಿಯ ಅಧಿಕಾರಿ ಚಹಾ ಕೊಟ್ಟು, ನಕ್ಕು, “ಈ ಮಾತು ತೋಟದಲ್ಲಿ ಆಡು, ಇಲ್ಲಿ ಆಡಬೇಡ” ಅಂದನಂತೆ. ಪೊಟ್ಟಣ ವಾಪಸ್ ಕೊಡಲಿಲ್ಲ. ಆ ಒಂಬತ್ತು ಗಂಟೆ ಅಬ್ಬಾಸಿಯಾದಲ್ಲಿ ಆಂಟಿ ನಮ್ಮ ಮನೆಯಿಂದ ನಿಮ್ಮ ಮನೆಗೆ, ಕೆಳಗಿನಿಂದ ಮೇಲಕ್ಕೆ ಓಡಾಡಿದ್ದು, ಪುತ್ತೂರಿನವಳು ಪುಸ್ತಕ ತೆರೆದು ಒಂದೇ ಪುಟ ನೋಡುತ್ತಾ ಕೂತದ್ದು ನಮಗೆ ಚೆನ್ನಾಗಿ ನೆನಪಿದೆ.

ಕುವೈತಿನಲ್ಲಿ ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. 1983ರ 74ನೇ ಕಾನೂನಿನಿಂದ ಈಚೆಗೆ ಮಾದಕ ವಸ್ತುಗಳ ಮೇಲಿನ ನಿಯಮಗಳು ಬಿಗಿಯಾಗುತ್ತಲೇ ಬಂದಿವೆ. ಸಾಗಿಸಿ ಮಾರಿದವರಿಗೆ ಮರಣದಂಡನೆಯವರೆಗೂ ಶಿಕ್ಷೆ ಇದೆ. ನಮ್ಮ ಅಪ್ಪಂದಿರ ಕನಸಿನಲ್ಲಿ ಬರುತ್ತಿದ್ದ ದೆವ್ವಗಳು ಎರಡೇ: ಒಂದು ಅಕಾಮಾ ರದ್ದಾಗುವುದು, ಇನ್ನೊಂದು ಬೇರೆಯವರ ಪೊಟ್ಟಣ ತಮ್ಮ ಚೀಲದಲ್ಲಿ ಸಿಗುವುದು. ಊರಿಂದ ಬರುವವರಿಗೆ “ಯಾರು ಏನು ಕೊಟ್ರೂ ಬಿಚ್ಚಿ ನೋಡದೆ ತಗೋಬೇಡಿ” ಅಂತ ಹೇಳುವುದು ನಮ್ಮ ಕಟ್ಟಡದಲ್ಲಿ ದೇವರ ನಾಮದಷ್ಟೇ ಬಾಯಿಪಾಠ.

ಭಯ ಕಳೆದ ಮೇಲೆ ನಗು ಬಂತು. ಅಂಕಲ್ ತಾವೇ ಮೊದಲ ಶುಕ್ರವಾರ ಎಲ್ಲರಿಗೂ ಆ ಕಥೆ ಅಭಿನಯಿಸಿ ಹೇಳಿದರು. ಅವರು ಯಕ್ಷಗಾನದ ಹುಚ್ಚಿನವರು, ಅಧಿಕಾರಿಯ ದನಿ, ತಮ್ಮ ದನಿ ಎರಡನ್ನೂ ಮಾಡಿ ತೋರಿಸಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಎರಡನೇ ಶುಕ್ರವಾರ ಬೇರೆಯವರು ಹೇಳಿದರು. ಮೂರನೇ ವಾರಕ್ಕೆ ಅವರ ಹೆಸರು ಹೋಗಿ ‘ಹಶೀಶ್ ಅಂಕಲ್’ ಆಯಿತು. ಮಕ್ಕಳ ಬಾಯಲ್ಲಿ ಹುಟ್ಟಿದ ಹೆಸರು ಅದು. ಮಕ್ಕಳು ಅಂದರೆ ನಾವು.

ಮುಂದಿನ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಅಂಕಲ್ ವೇಷ ಕಟ್ಟಿದ್ದರು. ಮಹಿಷಾಸುರ. ಸಭೆಯ ಹಿಂದಿನಿಂದ ದೊಂದಿ ಹಿಡಿದು ಆರ್ಭಟ ಕೊಡುತ್ತಾ ಬರುವ ವೇಷ, ಚಿಕ್ಕ ಮಕ್ಕಳು ಅಮ್ಮಂದಿರ ಸೆರಗಿಗೆ ಮುಖ ಮುಚ್ಚಿಕೊಳ್ಳುವ ಹೊತ್ತು. ಸಭಾಂಗಣದಲ್ಲಿ ಬೆಂಕಿಗೆ ಅನುಮತಿ ಇಲ್ಲದ್ದರಿಂದ ದೊಂದಿಯ ಬದಲು ಬ್ಯಾಟರಿ ದೀಪ. ಅವರು ನಮ್ಮ ಸಾಲು ದಾಟುವಾಗ ಯಾರೋ ಕೂಗಿದರು: “ಹಶೀಶ್!” ಇಡೀ ಸಭೆ ನಕ್ಕಿತು. ಮಹಿಷಾಸುರನನ್ನು ನೋಡಿ ಯಾರೂ ಹೆದರಲಿಲ್ಲ. ಅವರು ಹೆಜ್ಜೆ ತಪ್ಪಲಿಲ್ಲ, ಪ್ರಸಂಗ ಮುಗಿಸಿಯೇ ಇಳಿದರು. ಮರುವರ್ಷ ಕೇಳಿದಾಗ “ಮೊಣಕಾಲು ನೋವು ಮಾರಾಯ್ರೆ” ಅಂದರು. ಅದರ ಮುಂದಿನ ವರ್ಷವೂ ಮೊಣಕಾಲು ನೋವು. ಕುವೈತಿನಲ್ಲಿ ಅವರು ಮತ್ತೆ ಗೆಜ್ಜೆ ಕಟ್ಟಲಿಲ್ಲ.

ಕೂಗಿದವರು ಯಾರು ಅಂತ ನಾವು ಹೇಳುವುದಿಲ್ಲ. ನಮ್ಮ ಸಾಲಿನಿಂದಲೇ ಬಂದದ್ದು. ನಾಲ್ವರೂ ನಕ್ಕೆವು, ಅವರ ಮಗಳೂ ಸೇರಿ.

ಈಗ ಬೇರೆ ದೇಶಕ್ಕೆ ಬಂದು, ಆ ಮಾತಿನ ಮೂಲ ಹುಡುಕುವ ಹುಚ್ಚು ನಮಗೆ ಹಿಡಿದದ್ದು ಇದರಿಂದಲೇ ಇರಬೇಕು. ಗ್ರಂಥಾಲಯದಲ್ಲಿ ನಿಘಂಟು ತಿರುವಿ ಹಾಕಿದಷ್ಟೂ ಒಂದು ವಿಷಯ ಸ್ಪಷ್ಟವಾಗುತ್ತಾ ಹೋಯಿತು: ಈ ಗಿಡದ ಹೆಸರುಗಳು ಗಿಡದ ಮೇಲೆ ನಿಲ್ಲುವುದಿಲ್ಲ, ಮನುಷ್ಯರ ಮೇಲೆ ಹಾರಿ ಕೂರುತ್ತವೆ.

ಹಶೀಶನ್ನೇ ನೋಡಿ. ಹನ್ನೆರಡನೇ ಶತಮಾನದಲ್ಲಿ, ಸುಮಾರು 1123ರಲ್ಲಿ, ಕೈರೋದ ಫಾತಿಮಿ ಖಲೀಫ ಅಲ್ ಆಮಿರನ ಕಡೆಯಿಂದ ಹೊರಟ ಒಂದು ಪತ್ರದಲ್ಲಿ ಸಿರಿಯಾದ ನಿಜಾರಿ ಇಸ್ಮಾಯಿಲಿಗಳನ್ನು ‘ಹಶೀಶಿಯಾ’ ಅಂತ ಕರೆಯಲಾಗಿದೆ. ಅವರು ನಿಜಕ್ಕೂ ಹಶೀಶ್ ಸೇವಿಸುತ್ತಿದ್ದರು ಅನ್ನುವುದಕ್ಕೆ ಅದು ಪುರಾವೆಯಲ್ಲ. ಎದುರಾಳಿಗಳನ್ನು ಕೀಳುಮಾಡುವ ಬೈಗುಳ, ಪುಂಡರು ಪೋಕರಿಗಳು ಅನ್ನುವ ಹಾಗೆ. ಯುರೋಪಿನಿಂದ ಧರ್ಮಯುದ್ಧಕ್ಕೆ ಬಂದವರು ಬೈಗುಳವನ್ನು ಹೆಸರು ಅಂದುಕೊಂಡು ಊರಿಗೆ ಒಯ್ದರು. ಮಾರ್ಕೋ ಪೋಲೋ ಅದಕ್ಕೆ ಗುಪ್ತ ಉದ್ಯಾನದ ಕಥೆ ಹೊಲಿದ. 1809ರಲ್ಲಿ ಫ್ರೆಂಚ್ ವಿದ್ವಾಂಸ ಸಿಲ್ವೆಸ್ತ್ರ್ ದ ಸಾಸಿ, ಕೊಲೆಗಾರ ಅನ್ನುವ ಅರ್ಥದ ‘ಅಸಾಸಿನ್’ ಮಾತು ಹುಟ್ಟಿದ್ದು ಈ ಅರಬ್ಬಿ ಪದದಿಂದ ಅಂತ ತೋರಿಸಿದ. ಬೀದಿಯಲ್ಲಿ ಎಸೆದ ಒಂದು ಅಡ್ಡಹೆಸರು ಒಂಬೈನೂರು ವರ್ಷ ಒಂದು ಸಮುದಾಯದ ಬೆನ್ನು ಬಿಡಲಿಲ್ಲ. ಇದನ್ನು ಓದಿದ ದಿನ ನಾವು ಬೇಗ ಮನೆಗೆ ಹೋದೆವು.

ನಮ್ಮ ಕಡೆಯ ಹೆಸರು ಭಂಗಿ. ಇದರ ಬೇರು ಇನ್ನೂ ಹಳೆಯದು. ಅಥರ್ವವೇದದ ಹನ್ನೊಂದನೇ ಕಾಂಡದಲ್ಲಿ ಭಂಗ ಅನ್ನುವ ಸಸ್ಯದ ಹೆಸರು ಬರುತ್ತದೆ. ಪಾಣಿನಿ ಒಂದು ಸೂತ್ರದಲ್ಲಿ (5.2.4) ಎಳ್ಳು, ಉದ್ದು, ಅಗಸೆಗಳ ಸಾಲಿನಲ್ಲೇ ಭಂಗಾವನ್ನೂ ಕೂರಿಸಿ, ಅದು ಬೆಳೆಯುವ ಹೊಲಕ್ಕೆ ಏನೆನ್ನಬೇಕು ಅಂತ ಹೇಳುತ್ತಾನೆ: ಭಂಗ್ಯ ಅಥವಾ ಭಾಂಗೀನ. ಅಂದರೆ ವ್ಯಾಕರಣಕಾರನ ಕಣ್ಣಿಗೆ ಅದೂ ಒಂದು ಬೆಳೆ. ನಾರು ಕೊಡುವ ಗಿಡ ಅದು. ಇಂಗ್ಲಿಷಿನ ಕ್ಯಾನ್ವಾಸ್ ಅನ್ನುವ ಮಾತೇ ಹುಟ್ಟಿದ್ದು ಕ್ಯಾನಬಿಸ್‌ನಿಂದ. ಪಿ.ಟಿ. ದಿನ ಸುಣ್ಣ ಬಳಿದ ಹಾಗೆ ಬೆಳ್ಳಗೆ ಮಾಡಿಕೊಂಡು ಹಾಕುತ್ತಿದ್ದ ಕ್ಯಾನ್ವಾಸ್ ಶೂಗಳಲ್ಲಿ ಗಾಂಜಾದ ಹೆಸರು ಅಡಗಿತ್ತು ಅಂತ ಗೊತ್ತಿದ್ದರೆ ನಮ್ಮ ಅಮ್ಮಂದಿರು ಏನು ಮಾಡುತ್ತಿದ್ದರೋ.

ಆದರೆ ಕನ್ನಡದಲ್ಲಿ ಭಂಗಿ ಅಂದರೆ ನಿಲುವು ಕೂಡ. ಫೋಟೋಗೆ ನಿಲ್ಲುವ ಭಂಗಿ, ಯೋಗದ ಭಂಗಿ, ಶಿಲಾಬಾಲಿಕೆಯ ಭಂಗಿ. ಬಾಗುವುದು, ಮುರಿಯುವುದು ಅನ್ನುವ ಸಂಸ್ಕೃತ ಧಾತುವಿನಿಂದ ಬಂದದ್ದು ಇದು. ಅದೇ ಬೇರಿನ ಭಂಗ ಅಂದರೆ ಮುರಿಯುವುದು: ವ್ರತಭಂಗ, ನಿದ್ರಾಭಂಗ, ಮಾನಭಂಗ. ಕರಾವಳಿಗೆ ಹೋದರೆ ತುಳುವಿನಲ್ಲಿ ‘ಬಂಗ’ ಅಂದರೆ ಕಷ್ಟ. “ಮಸ್ತ್ ಬಂಗ ಉಂಡು” ಅಂತ ಆಂಟಿ ಫೋನಿನಲ್ಲಿ ಹೇಳುವುದನ್ನು ತುಮಕೂರಿನವನು ಮೊದಲ ಸಲ ಕೇಳಿದಾಗ ಮನೆಯಲ್ಲಿ ಏನೋ ಸೊಪ್ಪಿದೆ ಅಂದುಕೊಂಡಿದ್ದ. ಉತ್ತರ ಭಾರತದಲ್ಲಿ ಇದೇ ಸದ್ದಿನ ಒಂದು ಮಾತು ಕಸ ಎತ್ತುವ ಜನರ ಮೇಲೆ ಜಾತಿಯ ಬೈಗುಳವಾಗಿ ಬಿದ್ದಿದೆ. ದೆಹಲಿಯ ಸಹಪಾಠಿಗಳ ಎದುರು ಯೋಗದ ‘ಭಂಗಿ’ ಅಂತ ನಾವು ಜೋರಾಗಿ ಅಂದಾಗ ಅವರ ಮುಖ ಯಾಕೆ ಹಾಗಾಯಿತು ಅಂತ ತಿಳಿಯಲು ನಮಗೆ ಒಂದು ದಿನ ಬೇಕಾಯಿತು.

ಈ ಭಂಗ ಪರ್ಷಿಯಾದಲ್ಲೂ ಉಂಟು, ಅಲ್ಲಿ ಅದು ‘ಬಂಗ್’. ಅಲ್ಲಿಂದ ಅರಬ್ಬಿಗೆ ಹೋಗಿ ‘ಬಂಜ್’ ಆಯಿತು. ಅರಬ್ಬಿ ವೈದ್ಯರು ಅದನ್ನು ಮತ್ತು ಬರಿಸುವ ಇನ್ನೊಂದು ಗಿಡಕ್ಕೆ ಕೊಟ್ಟರು, ಕೊನೆಗೆ ಆ ಮಾತು ಸೇರಿದ್ದು ಆಸ್ಪತ್ರೆ. ಕುವೈತಿನಲ್ಲಿ ಹಲ್ಲು ಕೀಳಿಸಿಕೊಂಡ ಕನ್ನಡದ ಮಕ್ಕಳೇ, ನೆನಪು ಮಾಡಿಕೊಳ್ಳಿ: ದವಡೆ ಮರಗಟ್ಟಿಸುವ ಸೂಜಿ ಹಿಡಿದ ನರ್ಸ್ ಅಂದದ್ದು “ಬಂಜ್, ಬಂಜ್, ಹೆದರಬೇಡ”. ಅಜ್ಜಿಯ ಊರಿನ ಭಂಗಿಯ ಅಣ್ಣನೋ ತಮ್ಮನೋ ನಮ್ಮ ವಸಡಿನೊಳಗೆ ಇಳಿದಿದ್ದ. ವಿಮಾನ ನಿಲ್ದಾಣದಲ್ಲಿ ಎಚ್ಚರಿಕೆಯ ಫಲಕದ ಮೇಲೆ ಮಾದಕ ವಸ್ತುಗಳಿಗೆ ಬರೆಯುವ ‘ಮುಖದ್ದಿರಾತ್’, ಶಸ್ತ್ರಚಿಕಿತ್ಸೆಯ ಕೋಣೆಯ ‘ತಖ್ದೀರ್’, ಇವೆರಡೂ ಜೋಮು ಹಿಡಿಯುವುದು ಅನ್ನುವ ಒಂದೇ ಧಾತುವಿನ ಮಕ್ಕಳು. ಒಂದಕ್ಕೆ ಜೈಲು, ಇನ್ನೊಂದಕ್ಕೆ ಫೀಸು.

ಮಾತುಗಳು ಹೀಗೆ ಸಮುದ್ರ ದಾಟುವುದು ಗಲ್ಫಿಗೆ ಹೊಸದೇನಲ್ಲ. 1961ರಲ್ಲಿ ದಿನಾರ್ ಬರುವವರೆಗೂ ಕುವೈತಿನಲ್ಲಿ ಚಲಾವಣೆಯಲ್ಲಿದ್ದದ್ದು ರೂಪಾಯಿಯೇ. ಅಲ್ಲಿಯವರು ಇವತ್ತಿಗೂ ದುಡ್ಡಿಗೆ ‘ಬೇಜಾತ್’ ಅನ್ನುತ್ತಾರೆ, ಅದು ನಮ್ಮ ಪೈಸೆ. ಟ್ಯಾಕ್ಸಿಯವನಿಗೆ ನೇರ ಹೋಗು ಅನ್ನಲು ‘ಸೀದಾ’ ಅನ್ನುತ್ತಾರೆ, ಅದು ನಮಗೂ ಸೀದಾ.

ಗಾಂಜಾದ ಪಯಣ ಇನ್ನೂ ದೂರದ್ದು. 1845ರಿಂದ ಕಬ್ಬಿನ ತೋಟಗಳ ಕರಾರು ಕೂಲಿಗಳಾಗಿ ಇಂಡಿಯಾದವರು ಜಮೈಕಾಕ್ಕೆ ಹೋದರು. ಗಂಟಿನಲ್ಲಿ ಏನಿತ್ತೋ, ನಾಲಿಗೆಯ ಮೇಲೆ ಈ ಮಾತಂತೂ ಇತ್ತು. 1913ರಲ್ಲಿ ಅಲ್ಲಿ ಅದನ್ನು ನಿಷೇಧಿಸಿದ ಕಾನೂನಿಗೇ ಗಾಂಜಾ ಕಾನೂನು ಅಂತ ಹೆಸರು. ಇವತ್ತು ಅದು ಜಮೈಕಾದವರ ಸ್ವಂತ ಮಾತು. ನಮ್ಮ ತರಗತಿಯ ಜಮೈಕಾದ ಹುಡುಗಿಗೆ ಇದು ನಮ್ಮ ಕಡೆಯ ಪದ ಅಂದರೆ ನಂಬಲಿಲ್ಲ. ಸಮುದ್ರದಾಚೆ ದುಡಿಯಲು ಹೋದವರ ಜೊತೆ ಒಂದು ಮಾತು ಹೋಗಿ ಅಲ್ಲೇ ನೆಲೆಸಿದೆ. ನಮ್ಮ ಅಪ್ಪಂದಿರು ಒಂದು ಮಾತನ್ನು ಅಲ್ಲಿಂದ ಇಲ್ಲಿಗೆ ಹೊತ್ತು ತಂದರು. ಅಷ್ಟೇ ವ್ಯತ್ಯಾಸ.

ಊರಿನಲ್ಲೇ ಇದ್ದವರಿಗೂ ಇದರ ಅರ್ಥ ಒಂದೇ ಅಲ್ಲ. ನಮ್ಮಲ್ಲಿ ಸುರಪುರದವನ ಅಜ್ಜನಿಗೆ ಗಾಂಜಾ ಅಂದರೆ ಪೊಲೀಸ್ ಮಾತಲ್ಲ. ಕೃಷ್ಣಾ ತೀರದ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಅದನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಂಡವರನ್ನು ಅವರು ನೋಡಿದ್ದಾರೆ. ಭಜನೆಯ ತತ್ವಪದಗಳಲ್ಲಿ ಚಿಲುಮೆ, ಗುಡಗುಡಿ ಎಲ್ಲ ಬರುತ್ತವೆ. ಶಿಶುನಾಳ ಶರೀಫರು ಗುಡಗುಡಿಯನ್ನೇ ಹಿಡಿದು ದೇಹ, ಮನಸ್ಸು, ಭಕ್ತಿಯ ಪದ ಕಟ್ಟಿದರು. ಅದೇ ‘ಚಿಲುಮೆ’ ತುಮಕೂರಿನವನಿಗೆ ಬಂಡೆಯಿಂದ ನೀರು ಚಿಮ್ಮುವ ಜಾಗ. ದೇವರಾಯನದುರ್ಗದ ನಾಮದ ಚಿಲುಮೆಗೆ ಶಾಲೆಯ ಪ್ರವಾಸ ಹೋಗಿದ್ದೆ ಅಂತ ಅವನ ಅಮ್ಮ ಅಂದರೆ ಸುರಪುರದವನು ಇವತ್ತಿಗೂ ಮುಸಿಮುಸಿ ನಗುತ್ತಾನೆ.

ಸರಕಾರಗಳೂ ಈ ಅರ್ಥದ ಜಗಳದಿಂದ ತಪ್ಪಿಸಿಕೊಂಡಿಲ್ಲ. 1893ರಲ್ಲಿ ಬ್ರಿಟಿಷರು ಒಂದು ಆಯೋಗ ಮಾಡಿ ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿ, 1894ರಲ್ಲಿ ವರದಿ ಕೊಟ್ಟರು. ಎಲೆ ಭಂಗಿ, ಹೂವಿನ ತೆನೆ ಗಾಂಜಾ, ಅಂಟು ಚರಸ್ ಅಂತ ಬೇರೆ ಬೇರೆ ಮಾಡಿ ನೋಡಿದರು. ಮಿತವಾಗಿ ಬಳಸುವವರಿಗೆ ದೊಡ್ಡ ಹಾನಿಯಿಲ್ಲ, ಪೂರ್ತಿ ನಿಷೇಧ ಬೇಡ ಅಂದರು. ಅದೇ 1894ರಲ್ಲಿ ಮಂಗಳೂರಿನಲ್ಲಿ ಕಿಟೆಲ್ ನಿಘಂಟು ಅಚ್ಚಾಯಿತು. ಒಂದೇ ವರ್ಷ ಒಬ್ಬರು ಕನ್ನಡದ ಮಾತುಗಳನ್ನು ಎಣಿಸುತ್ತಿದ್ದರೆ ಇನ್ನೊಬ್ಬರು ಒಂದೇ ಗಿಡದ ಹೆಸರುಗಳನ್ನು ಬಿಡಿಸುತ್ತಿದ್ದರು. 1985ರ ಮಾದಕ ವಸ್ತು ಕಾಯ್ದೆಯೂ ಆ ಭೇದ ಉಳಿಸಿಕೊಂಡಿತು: ಹೂ ಅಥವಾ ಕಾಯಿ ಬಿಟ್ಟ ತುದಿ ಗಾಂಜಾ, ತುದಿಯ ಜೊತೆಗಿಲ್ಲದ ಬರೀ ಎಲೆ, ಬರೀ ಬೀಜ ಗಾಂಜಾ ಅಲ್ಲ. ಒಂದು ಕೆ.ಜಿ.ವರೆಗೆ ಗಾಂಜಾ ಸಣ್ಣ ಪ್ರಮಾಣ, 20 ಕೆ.ಜಿ. ಮೀರಿದರೆ ವಾಣಿಜ್ಯ ಪ್ರಮಾಣ. ಚರಸ್‌ಗಾದರೆ ಅದೇ ಗೆರೆಗಳು 100 ಗ್ರಾಂ ಮತ್ತು ಒಂದು ಕೆ.ಜಿ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಬೆಂಗಳೂರಿನ ಒಂದು ಪ್ರಕರಣದಲ್ಲಿ, ಭಾಂಗ್ ಈ ಕಾಯ್ದೆಯ ಗಾಂಜಾದೊಳಗೆ ಬರುವುದಿಲ್ಲ ಅಂತ ಹೇಳಿ ಆರೋಪಿಗೆ ಜಾಮೀನು ಕೊಟ್ಟಿತು. ಒಬ್ಬ ಮನುಷ್ಯ ಮನೆಗೆ ಹೋಗಬೇಕೋ ಜೈಲಿನಲ್ಲಿರಬೇಕೋ ಅನ್ನುವುದು ಒಂದು ಪದದ ಅರ್ಥದ ಮೇಲೆ ನಿಂತಿತ್ತು. ಇಲ್ಲಿ ಅಂಕಲ್ ನೆನಪಾಗದೆ ಇರುತ್ತಾರಾ?

ಅಂಕಲ್ 2020ರಲ್ಲಿ ಕೊರೊನಾ ಹೊತ್ತಿನಲ್ಲಿ ಕೆಲಸ ಬಿಟ್ಟು ಊರಿಗೆ ಮರಳಿದರು. ಹೋದ ಬೇಸಿಗೆಯಲ್ಲಿ ನಾವು ನಾಲ್ವರೂ ಪುತ್ತೂರಿನ ಆ ಮನೆಗೆ ಹೋಗಿದ್ದೆವು. ಅಡಿಕೆ ತೋಟದ ನಡುವೆ ಹಂಚಿನ ಮನೆ, ಬಚ್ಚಲ ನೀರು ಹರಿಯುವ ಕಡೆ ನೆಲದ ತುಂಬ ಒಂದೆಲಗ. ಊಟಕ್ಕೆ ಅದರದ್ದೇ ತಂಬುಳಿ. ಊಟವಾದ ಮೇಲೆ ಜಗಲಿಯಲ್ಲಿ ಕೂತು ನಾವು ಮೊದಲೇ ಮಾತಾಡಿಕೊಂಡ ಹಾಗೆ ಆ ರಾಜ್ಯೋತ್ಸವದ ವಿಷಯ ತೆಗೆದೆವು. ತಪ್ಪಾಯಿತು ಅಂದೆವು. ಮಾತು ಅಷ್ಟು ಸುಲಭಕ್ಕೆ ಬರಲಿಲ್ಲ, ಒಬ್ಬರು ಶುರು ಮಾಡಿದ್ದನ್ನು ಇನ್ನೊಬ್ಬರು ಮುಗಿಸಬೇಕಾಯಿತು.

ಅವರು ಸ್ವಲ್ಪ ಹೊತ್ತು ಅಡಿಕೆ ಹೋಳು ಅಗಿಯುತ್ತಾ ಕೂತರು. ಆಮೇಲೆ ಅಂದರು: “ಎಂತ ಗೊತ್ತುಂಟಾ ಮಕ್ಳೆ, ಆ ಶಬ್ದದಲ್ಲಿ ನಾನು 21 ವರ್ಷ ಅನ್ನ ತಿಂದಿದ್ದೇನೆ. ಇವಳ ಶಾಲೆ ಫೀಸು, ಈ ಮನೆಯ ಹಂಚು, ಅಜ್ಜಿಯ ಆಸ್ಪತ್ರೆ, ಎಲ್ಲ ಹಶೀಶ್ ಕತ್ತರಿಸಿದ ದುಡ್ಡು. ಆ ಆಫೀಸರನ ಮೇಲೆ ನನಗೆ ಬೇಜಾರಿಲ್ಲ. ಅವನಿಗೆ ಗೊತ್ತಿರಲಿಲ್ಲ, ಕೇಳಿದ. ಗೊತ್ತಾಯ್ತು, ಬಿಟ್ಟ. ನಿಮಗೆ ಗೊತ್ತಿತ್ತು.”

ಅಷ್ಟೇ ಅಂದರು. ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಅವರ ಮಗಳು ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅವರೇ “ಚಾ ಕುಡಿತೀರಾ?” ಅಂತ ಕೇಳಿದರು. ಸಂಜೆ ಹತ್ತಿರದ ಊರಲ್ಲಿ ಬಯಲಾಟ ಇತ್ತು. ಅವರು ನೋಡಲು ಹೊರಟರು, ನಾವೂ ಜೊತೆಗೆ ಹೋದೆವು. ವೇಷ ಕಟ್ಟುವುದಿಲ್ಲವಾ ಅಂತ ಕೇಳುವ ಧೈರ್ಯ ನಮಗೆ ಬರಲಿಲ್ಲ. ಚೌಕಿಯಲ್ಲಿ ಬಣ್ಣ ಹಚ್ಚುತ್ತಿದ್ದವರೊಬ್ಬರು ಅವರನ್ನು ಹೆಸರು ಹಿಡಿದು, ಪೂರ್ತಿ ಹೆಸರು ಹಿಡಿದು, “ಬನ್ನಿ, ಕೂತ್ಕೊಳ್ಳಿ” ಅಂದರು. ಅಂಕಲ್‌ಗೆ ಅಷ್ಟು ಉದ್ದದ ಹೆಸರಿದೆ ಅಂತ ನಮಗೆ ಅವತ್ತೇ ಗೊತ್ತಾದದ್ದು.

ಈಗ ಹೊಸದಾಗಿ ಬಂದ ತಮ್ಮ-ತಂಗಿಯರಿಗೆ ಎರಡು ಮಾತು. ಇಲ್ಲಿ ಅಂಗಡಿಯಲ್ಲಿ ಮಾರುತ್ತಾರೆ, 30 ಗ್ರಾಂವರೆಗೆ ಜೇಬಲ್ಲಿಟ್ಟುಕೊಂಡು ಓಡಾಡಬಹುದು, ಅದು ಈ ನೆಲದ ಮಾತು. ಕೆನಡಾದ ಗಡಿ ದಾಟಿಸುವುದು ಕೆನಡಾದ ಕಾನೂನಿನಲ್ಲೇ ಅಪರಾಧ, ಒಳಗೆ ತಂದರೂ ಹೊರಗೆ ಒಯ್ದರೂ. ಕಳೆದ ಡಿಸೆಂಬರಿನಲ್ಲಿ ನಮ್ಮಲ್ಲೊಬ್ಬ ಕುವೈತಿಗೆ ಹೊರಡುವ ಹಿಂದಿನ ರಾತ್ರಿ ಬೆನ್ನುಚೀಲ ಜಾಡಿಸಿದಾಗ ಒಳಜೇಬಿನಿಂದ ಹಣ್ಣಿನ ಮಿಠಾಯಿಯ ಹಾಗಿರುವ ಎರಡು ತುಂಡು ಬಿದ್ದವು. ಯಾವುದೋ ಪಾರ್ಟಿಯಲ್ಲಿ ಯಾರೋ ತುರುಕಿದ್ದು, ಅವನು ಮರೆತೇಬಿಟ್ಟಿದ್ದ. ಆ ಚೀಲ ಹಾಗೆಯೇ ಹೋಗಿದ್ದರೆ ಅಲ್ಲಿ ‘ನನಗೆ ಅರ್ಥ ಗೊತ್ತಿರಲಿಲ್ಲ’ ಅನ್ನಲು ಒಂದೆಲಗದ ಪುಡಿ ಇರುತ್ತಿರಲಿಲ್ಲ. ಚೀಲ ಜಾಡಿಸಿ, ಎಲ್ಲ ಜೇಬು ಹೊರಗೆ ತೆಗೆದು. ಊರಿಂದ ಸೊಪ್ಪಿನ ಪುಡಿ, ಕಷಾಯದ ಪುಡಿ ತರುವುದಾದರೆ ಅಂಗಡಿಯ ಮುಚ್ಚಿದ ಪೊಟ್ಟಣವನ್ನೇ, ಹೆಸರು ಅಚ್ಚಾದದ್ದನ್ನೇ ತನ್ನಿ. ಪೇಪರ್ ಪೊಟ್ಟಣವನ್ನು ಅಜ್ಜಿಗೆ ಬೇಜಾರಾಗದ ಹಾಗೆ ಮನೆಯಲ್ಲೇ ಬಿಟ್ಟು ಬನ್ನಿ.

ಎರಡನೆಯದು, ಬಸ್ಸಾರಿನ ಹುಡುಗನ ವಿಷಯ. ಅವನಿಗೆ ಹೆಸರಿದೆ. ಗುಂಪಿನಲ್ಲಿ ಇನ್ನು ಮುಂದೆ ಅದನ್ನೇ ಬಳಸೋಣ ಅಂತ ಸಂಘದ ಸಭೆಯಲ್ಲಿ ನಾವು ಹೇಳಿದಾಗ ಕೆಲವರು “ಅಯ್ಯೋ, ತಮಾಷೆಗೆ ಅಲ್ವಾ” ಅಂದರು. ಹೌದು, ತಮಾಷೆಗೇ. ನಮ್ಮದೂ ತಮಾಷೆಗೇ ಆಗಿತ್ತು. ಅಂದ ಹಾಗೆ ದಂಟಿನ ಸೊಪ್ಪು ರೈಲ್ವೆ ಗೇಟಿನಾಚೆ ಶ್ರೀಲಂಕಾದವರ ಅಂಗಡಿಯಲ್ಲಿ ಗುರುವಾರ ಬರುತ್ತದೆ, ಮಧ್ಯಾಹ್ನದೊಳಗೆ ಖಾಲಿ. ಹೋದ ವಾರ ನಾಲ್ಕು ಕಟ್ಟು ತಂದು ಅವನ ಕೈಯಲ್ಲೇ ಬಸ್ಸಾರು ಮಾಡಿಸಿದೆವು. ಉಪ್ಪು ಒಂದು ಚೂರು ಜಾಸ್ತಿ, ಉಳಿದಂತೆ ಅಮ್ಮ ಮಾಡಿದ ಹಾಗೇ ಇತ್ತು.

ಇದನ್ನು ಬರೆಯುವ ಮೊದಲು ಪುತ್ತೂರಿಗೆ ಫೋನ್ ಮಾಡಿ ಕೇಳಿದೆವು. “ಬರೀರಿ, ಅದಕ್ಕೆಂತ” ಅಂದರು ಅಂಕಲ್. ಒಂದೇ ಷರತ್ತು ಹಾಕಿದರು: “ಆ ಹೆಸರನ್ನು ಮಾತ್ರ ಮೇಲೆ ದೊಡ್ಡಕ್ಷರದಲ್ಲಿ ಹಾಕಬೇಡಿ.” ಹಾಕಿಲ್ಲ.